ಹಿಟ್ಟಿನ ಕ್ಷಮೆ

ಭಾದ್ರಪದ ಶುಕ್ಲ ಪಂಚಮಿಯಂದು ಉತ್ತಮ ಕ್ಷಮಾಧರ್ಮದ ಪೂಜೆಯೊಂದಿಗೆ ಆರಂಭವಾಗುವ ದಶಲಕ್ಷಣ ಪರ್ವವು ಅನಂತ ಚತುರ್ದಶಿಗೆ ಮುಗಿಯುತ್ತದೆ. ಅದರ ಬೆನ್ನಿಗೇ ಕ್ಷಮಾವಣಿ ಬರುತ್ತದೆ. ಶ್ವೇತಾಂಬರ ಬಂಧುಗಳು ಪರ್ಯುಷಣದ ಕೊನೆಯ ದಿನವಾದ ಸಂವತ್ಸರಿಯಂದು ಇದೇ ಕ್ಷಮಾಪಣೆಯನ್ನು ಆಚರಿಸುತ್ತಾರೆ. ಹತ್ತು ಧರ್ಮಗಳಲ್ಲಿ ಕ್ಷಮೆಯೇ ಮೊದಲನೆಯದು. ಹತ್ತನ್ನೂ ಆರಾಧಿಸಿದ ಮೇಲೆ ಶ್ರಾವಕನು ಮರಳಿ ಬಂದು ನಿಲ್ಲುವುದೂ ಕ್ಷಮೆಯ ಬಾಗಿಲಲ್ಲಿಯೇ. ಹಿರಿಯರು ಈ ಪರ್ವವನ್ನು ಕ್ಷಮೆಯಲ್ಲಿ ತೊಡಗಿಸಿ ಕ್ಷಮೆಯಲ್ಲಿಯೇ ಮುಗಿಸಿದ್ದು ಆಕಸ್ಮಿಕವಲ್ಲ.

ಆ ಬಾಗಿಲಲ್ಲಿ ಇಂದು ನಡೆಯುತ್ತಿರುವುದೇನು? ಹಿಂದೆ ಮುದ್ರಿತ ಕಾರ್ಡುಗಳು ಅಂಚೆಯಲ್ಲಿ ಹೋಗುತ್ತಿದ್ದವು. ಈಗ ಮೊಬೈಲಿನಲ್ಲಿ ಒಂದೇ ಒತ್ತಿಗೆ ನೂರಾರು ಜನರಿಗೆ ಸಂದೇಶ ತಲಪುತ್ತದೆ. ಕಮಲದ ಚಿತ್ರ, ಜೋಡಿಸಿದ ಕೈಗಳ ಚಿತ್ರ, ಕೆಳಗೆ ಕುಟುಂಬದ ಹೆಸರು. ಈ ಸಂದೇಶವು ವ್ಯಾಪಾರದ ಪರಿಚಿತರಿಗೆ ಹೋಗುತ್ತದೆ, ಸಹಪಾಠಿಗಳಿಗೆ ಹೋಗುತ್ತದೆ, ಒಮ್ಮೆಯೂ ಮುಖ ನೋಡದವರಿಗೂ ಹೋಗುತ್ತದೆ. ಹೋಗದಿರುವುದು ಒಂದೇ ಕಡೆಗೆ: ನಡುಗೋಡೆಯ ಆಚೆ ವಾಸವಾಗಿರುವ ತಮ್ಮನ ಮನೆಗೆ. ಅವನೊಡನೆ ನ್ಯಾಯಾಲಯದಲ್ಲಿ ವ್ಯಾಜ್ಯವಿದೆ. ಯಾರಿಗೆ ಕೆಡುಕು ಮಾಡಿಲ್ಲವೋ ಅವರೆಲ್ಲರ ಬಳಿ ಕ್ಷಮೆ ಬೇಡಿ, ಯಾರಿಗೆ ಮಾಡಿದೆಯೋ ಅವರೊಬ್ಬರನ್ನು ಬಿಟ್ಟುಬಿಡುವ ಈ ವಿಚಿತ್ರ ಧರ್ಮಕ್ಕೆ ಸಮಾಜವು ಇಂದು ಕ್ಷಮಾವಣಿಯೆಂದು ಹೆಸರಿಟ್ಟಿದೆ.

ಆ ಸಂದೇಶದ ಭಾಷೆಯನ್ನೇ ಪರಿಶೀಲಿಸಬೇಕು. "ತಿಳಿದೋ ತಿಳಿಯದೆಯೋ ನಮ್ಮಿಂದ ತಪ್ಪಾಗಿದ್ದಲ್ಲಿ ಕ್ಷಮಿಸಿ" ಎಂಬುದು ಅದರ ರೂಢಿಯ ರೂಪ. ಇಲ್ಲಿ ತಪ್ಪನ್ನು ಯಾರೂ ಮಾಡಿಲ್ಲ. ಅದು ತಾನಾಗಿಯೇ "ಆಗಿದೆ". ಅದೂ ಖಚಿತವಲ್ಲ; "ಆಗಿದ್ದಲ್ಲಿ" ಮಾತ್ರ. ಯಾವ ತಪ್ಪು, ಯಾವಾಗ ನಡೆದದ್ದು, ಯಾರಿಗೆ ನಷ್ಟವಾದದ್ದು ಎಂಬ ಪ್ರಶ್ನೆಗಳಿಗೆ ಆ ವಾಕ್ಯದಲ್ಲಿ ಎಡೆಯೇ ಇಲ್ಲ. ಇದಕ್ಕೆ ಎದುರಾಗಿ "ಮಿಚ್ಛಾಮಿ ದುಕ್ಕಡಂ" ಎಂಬ ಪ್ರಾಕೃತ ವಾಕ್ಯವನ್ನು ಬಿಡಿಸಿ ನೋಡಿದರೆ ವ್ಯತ್ಯಾಸವು ತಾನೇ ತೋರುತ್ತದೆ. ನನ್ನ ದುಷ್ಕೃತವು ಮಿಥ್ಯೆಯಾಗಲಿ, ನಿಷ್ಫಲವಾಗಲಿ ಎಂಬುದು ಅದರ ಅರ್ಥ. ಅದರಲ್ಲಿ "ನನ್ನ" ಎಂಬ ಪದವಿದೆ. "ಮಾಡಿದ್ದು" ಎಂಬ ಪದವಿದೆ. "ಆಗಿದ್ದಲ್ಲಿ" ಎಂಬ ನುಣುಚು ದಾರಿ ಮಾತ್ರ ಇಲ್ಲ. ಮೂರೇ ಪದಗಳ ಆ ಮಾತನ್ನು ಉಚ್ಚರಿಸುವವರು ಅನೇಕರು. ಅದರೊಳಗಿನ "ನನ್ನ" ಎಂಬುದನ್ನು ಹೊರಬಲ್ಲವರು ವಿರಳ.

ಜನ್ನನ ಹಿಟ್ಟಿನ ಕೋಳಿ

ಕನ್ನಡ ಜೈನಸಾಹಿತ್ಯಕ್ಕೆ ಈ ವಿಷಯದಲ್ಲಿ ಹೇಳಲು ದೊಡ್ಡ ಮಾತೊಂದಿದೆ. ಕ್ರಿ.ಶ. 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯ ಕಥೆ ಶ್ರಾವಕರ ಮನೆಗಳಿಗೆ ಅಪರಿಚಿತವಲ್ಲ. ದುಸ್ಸ್ವಪ್ನದ ಶಾಂತಿಗಾಗಿ ದೇವಿಗೆ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ. ಜೀವಹಿಂಸೆಗೆ ಒಪ್ಪದ ಯಶೋಧರನು ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಯೊಂದನ್ನು ಬಲಿ ಕೊಡಲು ಸಮ್ಮತಿಸುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಮುಂದೆ ಅಮೃತಮತಿಯ ವಿಷಕ್ಕೆ ತುತ್ತಾದ ತಾಯಿ ಮಗ ಇಬ್ಬರೂ ನವಿಲು ನಾಯಿಗಳಾಗಿ ಮೊದಲುಗೊಂಡು ಅನೇಕ ತಿರ್ಯಗ್ಜನ್ಮಗಳಲ್ಲಿ ನವೆದು, ಕೋಳಿಗಳಾಗಿಯೂ ಹುಟ್ಟಿ ಸತ್ತು, ಬಳಿಕ ಅಭಯರುಚಿ ಅಭಯಮತಿಯರಾಗಿ ಮನುಷ್ಯಜನ್ಮಕ್ಕೆ ಮರಳುತ್ತಾರೆ.

ಅಲ್ಲಿ ಒಂದು ಹನಿ ರಕ್ತವೂ ಚೆಲ್ಲಲಿಲ್ಲ; ಒಂದು ಜೀವವೂ ಸಾಯಲಿಲ್ಲ. ಆದರೂ ಜನ್ಮಜನ್ಮಾಂತರದ ಶಿಕ್ಷೆ. ಏಕೆಂದರೆ ಕೊಲ್ಲುವ ಸಂಕಲ್ಪವಿತ್ತು. ಪ್ರಮಾದಯುಕ್ತವಾದ ಮನೋವಾಕ್ಕಾಯಗಳಿಂದ ಪ್ರಾಣಕ್ಕೆ ಎರವಾಗುವುದೇ ಹಿಂಸೆ ಎಂದು ತತ್ತ್ವಾರ್ಥಸೂತ್ರವು ಲಕ್ಷಣ ಹೇಳುವಾಗ ಒತ್ತು ಬೀಳುವುದು ಪ್ರಮಾದದ ಮೇಲೆಯೇ. ರಾಗದ್ವೇಷಗಳ ಹುಟ್ಟೇ ಹಿಂಸೆಯೆಂದು ಪುರುಷಾರ್ಥಸಿದ್ಧ್ಯುಪಾಯದ ಅಮೃತಚಂದ್ರಸೂರಿಗಳ ನಿರ್ಣಯ. ಭಾವವೇ ಮೊದಲು, ಕ್ರಿಯೆ ಅದರ ನೆರಳು.

ಈ ನ್ಯಾಯವನ್ನು ಶ್ರಾವಕನು ಹಿಂಸೆಯ ವಿಷಯದಲ್ಲಿ ಒಪ್ಪುತ್ತಾನೆ. ಅದನ್ನೇ ಕ್ಷಮೆಯ ವಿಷಯದಲ್ಲಿ ಒಪ್ಪಲು ಏಕೆ ಹಿಂಜರಿಯಬೇಕು? ಜೀವವಿಲ್ಲದ ಹಿಟ್ಟಿನ ಕೋಳಿಯನ್ನು ಕಡಿದಾಗ ಸಂಕಲ್ಪವೊಂದರಿಂದಲೇ ಪಾಪವು ಪೂರ್ಣವಾಗುವುದಾದರೆ, ಸಂಕಲ್ಪವಿಲ್ಲದೆ ಕೈಮುಗಿದಾಗ ಪುಣ್ಯವು ಶೂನ್ಯವಾಗಬೇಡವೆ? ಯಶೋಧರನ ಕೋಳಿಯಲ್ಲಿ ಜೀವವಿರಲಿಲ್ಲ, ಕೊಲೆಯಿತ್ತು. ಇಂದಿನ ಕ್ಷಮಾವಣಿಯಲ್ಲಿ ಕ್ಷಮೆಯ ಆಕಾರವಿದೆ, ಬಣ್ಣವಿದೆ, ಅಲಂಕಾರವಿದೆ; ಜೀವವಿಲ್ಲ. ಇದು ಹಿಟ್ಟಿನ ಕ್ಷಮೆ. ಜನ್ನನ ಕೋಳಿ ಕೂಗಿಯಾದರೂ ರಾಜನನ್ನು ಬೆಚ್ಚಿಬೀಳಿಸಿತು. ಈ ಕ್ಷಮೆ ಯಾರನ್ನೂ ಎಚ್ಚರಿಸದೆ ಮರುದಿನದ ಸಂದೇಶಗಳ ಅಡಿಯಲ್ಲಿ ಹೂತುಹೋಗುತ್ತದೆ.

ಹಗುರವಾಗುವ ಮನಸ್ಸು ಯಾರದು?

ಇದಕ್ಕೆ ಹೊಸ ಕಾಲವು ಒಂದು ಸಮರ್ಥನೆಯನ್ನೂ ಒದಗಿಸಿದೆ. ವ್ಯಕ್ತಿತ್ವ ವಿಕಸನದ ಶಿಬಿರಗಳು, ಯಶಸ್ಸಿನ ಸೂತ್ರ ಹೇಳುವ ಪುಸ್ತಕಗಳು, ಪರ್ವದ ಸಭೆಗಳಿಗೂ ಆಹ್ವಾನಿತರಾಗುವ ಭಾಷಣಕಾರರು ಸಾರುವುದು ಒಂದೇ ಮಂತ್ರ: ದೃಷ್ಟಿಕೋನವನ್ನು ಬದಲಿಸಿ, ಬದುಕು ಬದಲಾಗುತ್ತದೆ, ಹಳೆಯದನ್ನು ಮರೆತು ಮುಂದೆ ನಡೆಯಿರಿ, ಕ್ಷಮಿಸಿದರೆ ನಿಮ್ಮ ಮನಸ್ಸೇ ಹಗುರವಾಗುತ್ತದೆ. ಈ ಮಾತುಗಳಲ್ಲಿ ಸತ್ಯಾಂಶವಿಲ್ಲವೆಂದಲ್ಲ. ದ್ವೇಷವನ್ನು ಹೊತ್ತು ತಿರುಗುವವನು ಮೊದಲು ಸುಡುವುದು ತನ್ನ ಎದೆಯನ್ನೇ. ಆದರೆ ನೊಂದವನಿಗೆ ಹೇಳಬೇಕಾದ ಸಾಂತ್ವನವನ್ನು ನೋಯಿಸಿದವನು ತನ್ನ ಅನುಕೂಲಕ್ಕೆ ಎತ್ತಿಕೊಂಡರೆ ಅದು ಸಾಂತ್ವನವಲ್ಲ, ಕಳವು. ಸಾಲ ಮಾಡಿದವನು ಸಾಲಕೊಟ್ಟವನಿಗೆ "ಹಳೆಯದನ್ನು ಮರೆಯಿರಿ, ಮನಸ್ಸು ಹಗುರವಾಗುತ್ತದೆ" ಎಂದು ಬೋಧಿಸಿದಂತೆ.

ಇನ್ನೂ ವಿಷಾದದ ಸಂಗತಿಯೆಂದರೆ ಸಮ್ಯಗ್ದರ್ಶನವನ್ನೇ ಇಂಥ ಸಕಾರಾತ್ಮಕ ಮನೋಭಾವದೊಡನೆ ಸಮೀಕರಿಸುವ ಪರಿಪಾಠ. ಸಮ್ಯಗ್ದರ್ಶನವು ಹಿತವಾದುದನ್ನು ಕಾಣುವ ಕಣ್ಣಲ್ಲ. ಇದ್ದುದನ್ನು ಇದ್ದಂತೆ ಕಾಣುವ ಕಣ್ಣು. ಅದು ತತ್ತ್ವಾರ್ಥಗಳ ಶ್ರದ್ಧಾನ. ಆ ತತ್ತ್ವಗಳಲ್ಲಿ ಆಸ್ರವವಿದೆ, ಬಂಧವಿದೆ. ಅಂದರೆ ತನ್ನೊಳಗೆ ಕೊಳೆ ಹೇಗೆ ಹರಿದುಬಂದಿತು, ಹೇಗೆ ಅಂಟಿಕೊಂಡಿತು ಎಂಬುದನ್ನು ಕಾಣುವುದೂ ದರ್ಶನದ ಭಾಗವೇ. ಒಳ್ಳೆಯದನ್ನಷ್ಟೇ ನೋಡು ಎನ್ನುವ ದೃಷ್ಟಿಗೆ ಆಸ್ರವ ಕಾಣದು. ಆಸ್ರವ ಕಾಣದವನಿಗೆ ಸಂವರವಾಗಲಿ ನಿರ್ಜರೆಯಾಗಲಿ ಎಲ್ಲಿಯದು?

ಆಚಾರ್ಯರು ಎಣಿಸಿದ ಹತ್ತು ದೋಷಗಳು

ತಪ್ಪೊಪ್ಪಿಗೆಯೆಂಬುದು ಎಷ್ಟು ಜಾರುವ ನೆಲವೆಂಬುದನ್ನು ಪ್ರಾಚೀನ ಆಚಾರ್ಯರು ಚೆನ್ನಾಗಿ ಬಲ್ಲವರಾಗಿದ್ದರು. ಜೈನ ಪರಿಭಾಷೆಯಲ್ಲಿ "ಆಲೋಚನೆ" ಎಂದರೆ ಇಂದಿನ ಆಡುಮಾತಿನ ಯೋಚನೆಯಲ್ಲ. ಮಾಡಿದ ದೋಷವನ್ನು ಗುರುವಿನ ಮುಂದೆ ಮುಚ್ಚುಮರೆಯಿಲ್ಲದೆ ನಿವೇದಿಸುವುದು. ಆಲೋಚನೆಗೆ ಹತ್ತು ದೋಷಗಳಿವೆಯೆಂದು ಭಗವತೀ ಆರಾಧನೆಯು ವಿವರಿಸುತ್ತದೆ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳ ಹಿನ್ನೆಲೆಯಲ್ಲಿರುವುದೂ ಈ ಆರಾಧನಾ ಪರಂಪರೆಯೇ. ನಿಯಮವನ್ನು ವಿಧಿಸಿದ್ದು ಮುನಿಗಳಿಗೆ. ಆದರೆ ಅದು ಹಿಡಿದಿರುವ ಕನ್ನಡಿ ಗೃಹಸ್ಥನ ಮುಖವನ್ನೂ ಚೆನ್ನಾಗಿಯೇ ತೋರಿಸುತ್ತದೆ.

ಇತರರು ಕಂಡುಬಿಟ್ಟ ತಪ್ಪನ್ನಷ್ಟೇ ಹೇಳಿ ಕಾಣದುದನ್ನು ಬಚ್ಚಿಡುವುದು ಒಂದು ದೋಷ. ಸಣ್ಣ ತಪ್ಪುಗಳನ್ನು ಒಪ್ಪಿಕೊಂಡು, ಇಷ್ಟು ಸಣ್ಣದನ್ನೂ ಹೇಳಿದವನು ದೊಡ್ಡದನ್ನು ಮುಚ್ಚಿಟ್ಟಾನೆಯೆ ಎಂಬ ಭ್ರಮೆ ಹುಟ್ಟಿಸುವುದು ಇನ್ನೊಂದು. ತನ್ನ ಹೆಸರೆತ್ತದೆ, ಇಂಥ ತಪ್ಪಿಗೆ ಏನು ಪ್ರಾಯಶ್ಚಿತ್ತವೆಂದು ಮರೆಯಲ್ಲಿ ನಿಂತು ವಿಚಾರಿಸುವುದು ಮತ್ತೊಂದು. ತನ್ನಂತೆಯೇ ತಪ್ಪು ಮಾಡಿದವನ ಬಳಿಗೆ ಹೋಗಿ ನಿವೇದಿಸುವುದೂ ದೋಷವೇ. ಅಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಸುಲಭವಾಗಿ ಬಿಟ್ಟುಬಿಡುತ್ತಾರೆ. ಇವೆಲ್ಲಕ್ಕಿಂತ ಇಂದಿನ ಕಾಲಕ್ಕೆ ಹೊಂದುವುದು ಶಬ್ದಾಕುಲಿತವೆಂಬ ದೋಷ. ವಾರ್ಷಿಕ ಪ್ರತಿಕ್ರಮಣದಂಥ ಸಂದರ್ಭದಲ್ಲಿ ಎಲ್ಲರೂ ಏಕಕಾಲದಲ್ಲಿ ನಿವೇದಿಸುತ್ತಿರುವಾಗ, ಆ ಗದ್ದಲದಲ್ಲಿ ಯಾರಿಗೂ ಸರಿಯಾಗಿ ಕೇಳಿಸದಂತೆ ತನ್ನ ತಪ್ಪನ್ನೂ ಗೊಣಗಿ ಮುಗಿಸುವುದು ಅದರ ಲಕ್ಷಣ. ಒಂದೇ ಬೆಳಗ್ಗೆ ಸಾವಿರಾರು ಸಂದೇಶಗಳು ಹಾರಾಡುವ ಹೊತ್ತಿನಲ್ಲಿ ತನ್ನದೊಂದನ್ನೂ ತೇಲಿಬಿಡುವವನ ಚಿತ್ರವನ್ನು ಇಷ್ಟು ನಿಖರವಾಗಿ ಬರೆದವರು ಮೊಬೈಲನ್ನು ಕಂಡವರಲ್ಲ. ಮನುಷ್ಯನ ಮನಸ್ಸನ್ನು ಕಂಡವರು.

ತಂಗಿಯ ಸಹಿ

ಸಾಮಾನ್ಯವಾಗಿ ಹೇಳಿದ ಮಾತು ಯಾರಿಗೂ ತಾಗುವುದಿಲ್ಲ. ಆದುದರಿಂದ ಶ್ರಾವಕರ ಮನೆಗಳಲ್ಲಿ ಮೇಲಿಂದ ಮೇಲೆ ನಡೆಯುವ ಒಂದು ಪ್ರಸಂಗವನ್ನೇ ತೆಗೆದುಕೊಳ್ಳಬಹುದು. ತಂದೆ ತೀರಿಕೊಂಡಿದ್ದಾರೆ. ಮದುವೆಯಾಗಿ ಹೋದ ತಂಗಿಯನ್ನು ಅಣ್ಣಂದಿರು ಕರೆಸುತ್ತಾರೆ. ಸೀರೆ ಕುಪ್ಪಸ ಉಡುಗೊರೆಯಾಗುತ್ತದೆ, ಊಟವಾಗುತ್ತದೆ, ಬಳಿಕ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ. ಆಸ್ತಿಯ ವಿಸ್ತಾರವೆಷ್ಟು, ಅದರಲ್ಲಿ ತನ್ನ ಪಾಲೆಷ್ಟು ಎಂದು ಅವಳು ಕೇಳುವುದಿಲ್ಲ. ಅವರು ಹೇಳುವುದೂ ಇಲ್ಲ. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹಕ್ಕಿದೆಯೆಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ, 2005ರಲ್ಲಿ ದೇಶಾದ್ಯಂತ ಎಲ್ಲ ಹೆಣ್ಣುಮಕ್ಕಳಿಗೆ ಅನ್ವಯವಾಯಿತು. ಹಿಂದೂ ಉತ್ತರಾಧಿಕಾರ ಕಾಯಿದೆಯ ವ್ಯಾಪ್ತಿಗೆ ಜೈನರೂ ಸೇರುತ್ತಾರೆ. ಹೆಣ್ಣಿನ ಮೂಲಕವೇ ಆಸ್ತಿ ಹರಿಯುತ್ತಿದ್ದ ಅಳಿಯಸಂತಾನದ ಪದ್ಧತಿಯನ್ನು ತುಳುನಾಡಿನ ಅನೇಕ ಜೈನ ಮನೆತನಗಳು ಪಾಲಿಸಿಕೊಂಡು ಬಂದಿದ್ದವೆಂಬುದನ್ನು ನೆನೆದರೆ, ಹೆಣ್ಣಿನ ಪಾಲು ಧರ್ಮಕ್ಕೆ ಹೊರಗಿನದೆಂಬ ವಾದವೂ ನಿಲ್ಲದು.

ಕಾನೂನಿನ ಮಾತು ಅಂತಿರಲಿ, ಶಾಸ್ತ್ರವೇನು ಹೇಳುತ್ತದೆ? ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಅದನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುವ ಬಗೆಯನ್ನು ಪ್ರತಿಯೊಬ್ಬ ಗೃಹಸ್ಥನೂ ಅರಿಯಬೇಕು. ಹೊನ್ನನ್ನು ಒತ್ತೆಯಿಟ್ಟವನು ತಾನು ಇಟ್ಟ ಲೆಕ್ಕವನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು "ಹಾಗೆಯೇ ಆಗಲಿ" ಎಂದು ಅಷ್ಟನ್ನೇ ಕೊಡುತ್ತಾನೆ. ಅವನು ಸುಳ್ಳು ಹೇಳಲಿಲ್ಲ, ಕೈಯಿಕ್ಕಿ ಕದಿಯಲಿಲ್ಲ, ಎದುರಿನವನ ಅಜ್ಞಾನಕ್ಕೆ ತಲೆದೂಗಿದನಷ್ಟೆ. ಆ ತಲೆದೂಗನ್ನೇ ಆಚಾರ್ಯರು ವ್ರತಭಂಗದ ಕಲೆಯೆಂದು ಎತ್ತಿ ತೋರಿಸಿದರು. ತನ್ನ ಪಾಲಿನ ಲೆಕ್ಕ ತಿಳಿಯದ ತಂಗಿಯ ಮುಂದೆ ಮೌನವಾಗಿ ಪತ್ರವನ್ನು ಸರಿಸುವ ಅಣ್ಣನು ಮಾಡುವುದು ಇದಕ್ಕಿಂತ ಬೇರೆಯೆ? ತಿಳಿದೂ ತಿಳಿದೂ ಮನಸಾರೆ ಬಿಟ್ಟುಕೊಡುವ ಸೋದರಿಯರ ಔದಾರ್ಯ ಬೇರೆ, ಅದು ತ್ಯಾಗಧರ್ಮ. ತಿಳಿಸದೆ ಪಡೆದದ್ದು ತ್ಯಾಗವಲ್ಲ. ಅದೇ ಅಣ್ಣನಿಂದ ಅದೇ ತಂಗಿಗೆ ಕ್ಷಮಾವಣಿಯ ದಿನ ಕಮಲದ ಚಿತ್ರ ತಲಪುತ್ತದೆ. "ತಿಳಿದೋ ತಿಳಿಯದೆಯೋ" ಎಂಬ ಒಕ್ಕಣೆಯೂ ಅದರಲ್ಲಿರುತ್ತದೆ. ಅವನಿಗೆ ತಿಳಿದಿತ್ತು, ತಿಳಿಯದಿದ್ದವಳು ಅವಳು.

ಶ್ರವಣಬೆಳಗೊಳದ ಬೆಟ್ಟದ ಮೇಲೆ ಸಾವಿರ ವರ್ಷಗಳಿಗೂ ಮಿಕ್ಕಿ ನಿಂತಿರುವ ಮೂರ್ತಿಯು ಅಣ್ಣತಮ್ಮಂದಿರ ನೆಲದ ವ್ಯಾಜ್ಯದಿಂದಲೇ ಹುಟ್ಟಿದ ವೈರಾಗ್ಯದ ಮೂರ್ತಿ. ಬಾಹುಬಲಿಯು ಸೋತು ಬಿಟ್ಟವನಲ್ಲ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದು ಬಿಟ್ಟವನು. ಅವನು ಭರತನಿಗೆ ಸವಿಮಾತನ್ನಷ್ಟೇ ಉಳಿಸಿ ನೆಲವನ್ನು ತಾನಿಟ್ಟುಕೊಳ್ಳಲಿಲ್ಲ. ನೆಲವನ್ನೇ ಬಿಟ್ಟುಕೊಟ್ಟು ನಡೆದನು. ವರ್ಷಕಾಲ ಅಲುಗದೆ ನಿಂತರೂ ಮನದ ಮೂಲೆಯಲ್ಲಿದ್ದ ಒಂದು ಎಳೆ ಶಲ್ಯವು ಕೇವಲಜ್ಞಾನವನ್ನು ತಡೆಯಿತೆಂದೂ, ಭರತನು ಬಂದು ವಂದಿಸಿದ ಮೇಲೆಯೇ ಅದು ಕಳೆಯಿತೆಂದೂ ಪುರಾಣ ಹೇಳುತ್ತದೆ. ಅಂಥ ತಪಸ್ವಿಗೂ ಸೋದರನೊಡನೆ ಲೆಕ್ಕ ತೀರದೆ ದಾರಿ ತೆರೆಯಲಿಲ್ಲ. 1993, 2006, 2018ರ ಮಹಾಮಸ್ತಕಾಭಿಷೇಕಗಳಲ್ಲಿ ಕಲಶ ಹೊತ್ತ ಕುಟುಂಬಗಳು ಬೆಟ್ಟವಿಳಿದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಹಾಲೆರೆದ ಕೈಯಲ್ಲಿ ತಮ್ಮನ ಪಹಣಿ ಇದೆಯೆ?

ಉಪಗೂಹನದ ದುರುಪಯೋಗ

ಮನೆಯ ರೋಗವೇ ಬಸದಿಯ ಆಡಳಿತಕ್ಕೂ ಹಬ್ಬುತ್ತದೆ. ವಿಶ್ವಸ್ತ ಮಂಡಳಿಗಳಲ್ಲಿ ಪಂಗಡಗಳಾದರೆ, ಲೆಕ್ಕಪತ್ರ ವರ್ಷಗಟ್ಟಲೆ ಸಭೆಯ ಮುಂದೆ ಬಾರದಿದ್ದರೆ, ಪೂಜೆ ಮಾಡುವ ಇಂದ್ರರ, ಅಡುಗೆಯವರ, ಕಾವಲುಗಾರರ ಸಂಬಳ ತಿಂಗಳುಗಟ್ಟಲೆ ತಡವಾದರೆ, ಪ್ರಶ್ನಿಸಿದವನಿಗೆ ಸಿಗುವ ಉತ್ತರ ಸಿದ್ಧವಾಗಿದೆ: "ಧರ್ಮದ ಮಾನ ಹೋಗುತ್ತದೆ, ಉಪಗೂಹನವು ಸಮ್ಯಗ್ದರ್ಶನದ ಅಂಗವಲ್ಲವೆ?"

ಅಂಗ ಹೌದು. ಆದರೆ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಯಾರ ದೋಷವನ್ನು ಮರೆಮಾಡಲು ಹೇಳಿದೆ? ಅರಿವಿಲ್ಲದವರಿಂದಲೂ ಅಶಕ್ತರಿಂದಲೂ ಶುದ್ಧವಾದ ಮಾರ್ಗಕ್ಕೆ ಒದಗಿದ ನಿಂದೆಯನ್ನು ನಿವಾರಿಸಬೇಕೆಂಬುದು ಅದರ ಆಶಯ. ಎಲ್ಲ ಅರಿತ, ಎಲ್ಲ ಶಕ್ತಿಯುಳ್ಳ ಅಧಿಕಾರಸ್ಥನಿಗೆ ಅದು ಹೊದಿಕೆಯಲ್ಲ. ಉಪಗೂಹನಕ್ಕೆ ದೃಷ್ಟಾಂತವಾದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ಪೂರ್ತಿಯಾಗಿ ಓದಬೇಕು. ಕ್ಷುಲ್ಲಕನ ವೇಷದಲ್ಲಿ ಬಂದ ಕಳ್ಳನು ಜಿನಬಿಂಬದ ಕೊಡೆಯ ರತ್ನವನ್ನು ಕದ್ದು ಸಿಕ್ಕಿಬಿದ್ದಾಗ, ತಾನೇ ತರಹೇಳಿದ್ದೆನೆಂದು ಶ್ರೇಷ್ಠಿಯು ಜನರೆದುರು ಮಾರ್ಗದ ಮಾನ ಉಳಿಸಿದನು. ಆದರೆ ಅಲ್ಲಿಗೇ ಬಿಡಲಿಲ್ಲ. ಅವನನ್ನು ಮರೆಯಲ್ಲಿ ಹೊರಗಟ್ಟಿದನು. ಕಳ್ಳನ ಕೈಗೆ ಬೀಗದ ಕೈಯನ್ನು ಮರಳಿ ಕೊಟ್ಟು ಅದಕ್ಕೆ ಉಪಗೂಹನವೆಂದು ಹೆಸರಿಡಲಿಲ್ಲ. ಎಂಟು ಅಂಗಗಳಲ್ಲಿ ಉಪಗೂಹನದ ಮುಂದಿನದು ಸ್ಥಿತೀಕರಣ, ಜಾರಿದವನನ್ನು ಮತ್ತೆ ಮಾರ್ಗದಲ್ಲಿ ನಿಲ್ಲಿಸುವುದು. ಮೊದಲನೆಯದನ್ನು ಹಿಡಿದು ಎರಡನೆಯದನ್ನು ಬಿಟ್ಟ ಸಮಾಜವು ಗಾಯಕ್ಕೆ ಮದ್ದು ಹಾಕದೆ ಬಟ್ಟೆ ಕಟ್ಟುತ್ತದೆ. ಒಳಗೆ ಕೀವು ಬೆಳೆಯುತ್ತದೆ.

ಮೂರು ಆಕ್ಷೇಪಗಳು

ಬರೀ ಔಪಚಾರಿಕವಾದರೂ ಏನೂ ಇಲ್ಲದಿರುವುದಕ್ಕಿಂತ ಮೇಲಲ್ಲವೆ ಎಂಬುದು ಮೊದಲನೆಯ ಆಕ್ಷೇಪ. ದ್ರವ್ಯಪ್ರತಿಕ್ರಮಣವು ಭಾವಪ್ರತಿಕ್ರಮಣಕ್ಕೆ ಮೆಟ್ಟಿಲೆಂಬುದು ನಿಜ. ಆದರೆ ಮೆಟ್ಟಿಲು ಏರುವುದಕ್ಕೆ, ಅದರ ಮೇಲೆ ಮನೆ ಕಟ್ಟಿಕೊಳ್ಳುವುದಕ್ಕಲ್ಲ. ಕ್ಷಮೆ ಕೇಳಿಯಾಯಿತೆಂಬ ತೃಪ್ತಿಯೇ ನಿಜವಾಗಿ ಕೇಳುವ ಅಗತ್ಯವನ್ನು ಅಳಿಸಿಹಾಕುವುದಾದರೆ ಆ ಔಪಚಾರಿಕತೆ ನಿರುಪದ್ರವಿಯಲ್ಲ.

ಅನೇಕಾಂತವಾದಿಯಾದ ಜೈನನು ಪ್ರತಿಯೊಬ್ಬರಿಗೂ ಅವರವರ ದೃಷ್ಟಿಯಿದೆಯೆಂದು ಒಪ್ಪಬೇಡವೆ ಎಂಬುದು ಎರಡನೆಯದು. ಅನೇಕಾಂತವು ವಸ್ತುವಿನ ಅನಂತ ಧರ್ಮಗಳನ್ನು ಒಪ್ಪುತ್ತದೆಯೇ ಹೊರತು ಇಲ್ಲದ ಧರ್ಮವನ್ನು ಆರೋಪಿಸುವುದಿಲ್ಲ. "ಸ್ಯಾತ್" ಎಂಬ ಪದವು ಯಾವ ಅಪೇಕ್ಷೆಯಿಂದ ಹೇಳುತ್ತಿರುವೆಯೆಂಬುದನ್ನು ಸ್ಪಷ್ಟಪಡಿಸೆಂದು ಮಾತಾಡುವವನನ್ನು ಕಟ್ಟಿಹಾಕುತ್ತದೆ, ನುಣುಚಿಕೊಳ್ಳಲು ಬಿಡುವುದಿಲ್ಲ. ಪಡೆದ ಹಣವನ್ನು ಮರಳಿಸಿಲ್ಲವೆಂಬುದು ಸಾಲಗಾರನ ದೃಷ್ಟಿಯಿಂದಲೂ ಮರಳಿಸಿಲ್ಲವೆಂಬುದೇ. ಅನೇಕಾಂತವು ನಿಜವಾಗಿ ಬೇಡುವುದು ಇನ್ನೂ ಕಠಿಣವಾದುದನ್ನು: ನಡುಗೋಡೆಯ ಆಚೆ ನಿಂತು ಈಚೆಯ ಮನೆ ಹೇಗೆ ಕಾಣುತ್ತದೆಂದು ಒಮ್ಮೆ ನೋಡುವುದನ್ನು.

ಹೆಸರಿಟ್ಟು ತಪ್ಪೊಪ್ಪಿದರೆ ಎದುರಿನವನು ಅದನ್ನೇ ಆಯುಧ ಮಾಡಿಕೊಂಡಾನೆಂಬುದು ಮೂರನೆಯದು. ಈ ಭಯವು ಸಹಜ, ಕೆಲವೊಮ್ಮೆ ನಿಜವೂ ಹೌದು. ಎಲ್ಲ ಮನೆಗಳಲ್ಲಿಯೂ ಒಬ್ಬನೇ ತಪ್ಪಿತಸ್ಥನಿರುವುದಿಲ್ಲ, ತಮ್ಮನದೂ ತಪ್ಪಿರಬಹುದು. ಆದರೆ ಉತ್ತಮ ಕ್ಷಮೆಯ ಬೆನ್ನಿಗೇ ಉತ್ತಮ ಮಾರ್ದವವನ್ನು, ಅದರ ಬೆನ್ನಿಗೇ ಉತ್ತಮ ಆರ್ಜವವನ್ನು ಇರಿಸಿದವರಿಗೆ ಈ ಭಯ ತಿಳಿದಿತ್ತು. ಮಾನಕಷಾಯ ಕರಗದೆ, ಮಾಯಾಕಷಾಯ ನೀಗದೆ ಕ್ಷಮೆ ಒಂಟಿಯಾಗಿ ನಿಲ್ಲಲಾರದು. ನಷ್ಟದ ಸಂಭವವೇ ಇಲ್ಲದ ಕ್ಷಮೆಗೆ ಬೆಲೆಯೂ ಇಲ್ಲ.

ಒಂದು ಹೆಸರು

ಹಾಗಾದರೆ ಶ್ರಾವಕನು ಮಾಡಬೇಕಾದುದೇನು? ಅದು ಕಷ್ಟವಾದರೂ ದೊಡ್ಡದಲ್ಲ. ಮುಂದಿನ ಪರ್ವದ ಹತ್ತು ದಿನಗಳಲ್ಲಿ ಒಂದು ಹೆಸರನ್ನು, ಒಂದೇ ಒಂದು ಹೆಸರನ್ನು, ಪ್ರತಿಯೊಬ್ಬ ಗೃಹಸ್ಥನೂ ಕಂಡುಕೊಳ್ಳಲಿ. ಅದು ತಮ್ಮನದಿರಬಹುದು, ತಂಗಿಯದು, ಸೊಸೆಯದು, ಕೆಲಸ ಬಿಟ್ಟುಹೋದ ಗುಮಾಸ್ತನದು, ಹೊಲದ ಆಳಿನದು ಇರಬಹುದು. ಕ್ಷಮಾವಣಿಯಂದು ಸಭಾಭವನಕ್ಕೆ ಹೋಗುವ ಮುನ್ನ ಆ ಮನೆಗೆ ಹೋಗಲಿ. "ತಪ್ಪಾಗಿದ್ದಲ್ಲಿ" ಎನ್ನದೆ "ಈ ತಪ್ಪನ್ನು ಮಾಡಿದೆ" ಎನ್ನಲಿ. ಮರಳಿಸಬೇಕಾದುದಿದ್ದರೆ ಅದನ್ನು ಕೈಯಲ್ಲಿ ಹಿಡಿದೇ ಹೋಗಲಿ. ಎದುರಿನವನು ಕ್ಷಮಿಸದಿದ್ದರೆ ಸುಮ್ಮನೆ ಹಿಂತಿರುಗಲಿ. ಕ್ಷಮಿಸುವುದು ನೊಂದವನ ಸ್ವಾತಂತ್ರ್ಯ, ಬೇಡುವವನ ಹಕ್ಕಲ್ಲ.

ವಿಶ್ವಸ್ತ ಮಂಡಳಿಗಳು ಆ ದಿನ ಹಾರ ತುರಾಯಿಗಳ ಸನ್ಮಾನವನ್ನು ಬದಿಗಿರಿಸಿ ವರ್ಷದ ಆಯವ್ಯಯವನ್ನು ಸಭೆಯ ಮುಂದೆ ಓದಲಿ. ಬಸದಿಯ ನೌಕರರ ಬಾಕಿಯನ್ನು ಅಂದಿನೊಳಗೆ ತೀರಿಸಲಿ. ಎರಡು ಪಂಗಡದ ಹಿರಿಯರು ಒಂದೇ ಚಾಪೆಯ ಮೇಲೆ ಕುಳಿತು ಬಾಕಿಯಿರುವ ವ್ಯಾಜ್ಯಗಳಲ್ಲಿ ಒಂದನ್ನಾದರೂ ಹಿಂತೆಗೆದುಕೊಳ್ಳಲಿ. ಧರ್ಮಪ್ರಭಾವನೆಗೆ ಇದಕ್ಕಿಂತ ಹಿರಿದಾದ ಮೆರವಣಿಗೆ ಬೇಕಿಲ್ಲ.

ಶಲ್ಯವಿಲ್ಲದವನೇ ವ್ರತಿ ಎಂಬುದು ತತ್ತ್ವಾರ್ಥಸೂತ್ರದ ನಿರ್ಣಯ. ಶಲ್ಯವೆಂದರೆ ಒಳಗೆ ಮುರಿದುಳಿದ ಮುಳ್ಳು. ಕಾಲಿಗೆ ಮುಳ್ಳು ಚುಚ್ಚಿದವನು ನಡಿಗೆಯ ಬಗೆಗೆ ಉಪನ್ಯಾಸ ಕೇಳುತ್ತ ಕೂಡುವುದಿಲ್ಲ. ಕುಳಿತು, ಬೆಳಕಿಗೆ ಕಾಲೊಡ್ಡಿ, ಮುಳ್ಳನ್ನು ಹುಡುಕಿ ಕೀಳುತ್ತಾನೆ. ಕೀಳುವಾಗ ನೋವಾಗುತ್ತದೆ, ಆ ಬಳಿಕವೇ ಕಾಲು ನೆಲಕ್ಕೆ ಊರುತ್ತದೆ.